ಏಳನೇ ನಂಬರಿನ ನಿಲುವಂಗಿ

ಬರುತ್ತಿಲ್ಲ, ಈ ಹೊಲಿಗೆ ಬಿಚ್ಚಿಕೊಳ್ಳುತ್ತಲೇ ಇಲ್ಲ, ಇಷ್ಟು ಬಿಗಿಯಾಗಿ ಹೊಲಿದ ಮಹಾತಾಯಿ ಯಾರು ಅಂದರೆ ನಾನೇ, ಏಳು ತಿಂಗಳ ಹಿಂದೆ, ಇದೇ ಮಿಷನ್ನಿನ ಮೇಲೆ, ಇದೇ ಕಿಟಕಿಯ ಬೆಳಕಿನಲ್ಲಿ, ಇನ್ನು ಯಾರೂ ಬಿಚ್ಚಬಾರದು ಅನ್ನುವ ಹಾಗೆ ಎರಡೆರಡು ಸಲ ಓಡಿಸಿದ್ದೇನೆ, ಈಗ ಬ್ಲೇಡಿನ ಮೂಲೆಯಿಂದ ಒಂದೊಂದನ್ನೇ ಎತ್ತಿ ಕತ್ತರಿಸಬೇಕು, ಬಿಳಿ ಬಟ್ಟೆ, ಬಿಳಿ ದಾರ, ಕನ್ನಡಕ ಮೂಗಿನ ತುದಿಗೆ ಜಾರುತ್ತಿದೆ, ಗಡಿಯಾರದಲ್ಲಿ ಒಂದೂವರೆ, ನಾಲ್ಕಕ್ಕೆ ಶವದ ಪೆಟ್ಟಿಗೆ ಮುಚ್ಚುತ್ತಾರೆ, ಅಷ್ಟರೊಳಗೆ ಅಂಚು ಇಳಿಸಿ, ಇಸ್ತ್ರಿ ಹಾಕಿ, ಚರ್ಚಿಗೆ ಒಯ್ದು, ಗೆಳತಿಗೆ ತೊಡಿಸಿ, ಆಮೇಲೆ ಹೇಳಬೇಕು, ಹೇಳಲೇಬೇಕು, ಪೆಟ್ಟಿಗೆ ತೆರೆದಿರುವಾಗಲೇ, ಅವಳ ಮಗಳ ಎದುರಿಗೆ, ನಿಮ್ಮಮ್ಮನನ್ನು ಕ್ವಾಯರಿನಿಂದ, ಚರ್ಚಿನ ಹಾಡುವ ಗುಂಪಿನಿಂದ, ತೆಗೆಸಿದವಳು ನಾನು ಅಂತ, ಮುಚ್ಚಿದ ಮೇಲೆ ಹೇಳಿ ಏನು ಪ್ರಯೋಜನ, ಹಲಗೆಗೆ ಹೇಳಿದ ಹಾಗೆ. ಬ್ಲೇಡು ಉಗುರಿನ ಸಂದಿಗೆ ಹೋಯಿತು, ಬಟ್ಟೆಗೆ ತಾಗಬಾರದು, ಬೆರಳನ್ನು ಬಾಯಿಗಿಟ್ಟೆ, ರಕ್ತಕ್ಕೂ ಗುಂಡುಸೂಜಿಗೂ ಒಂದೇ ರುಚಿ, ಕಬ್ಬಿಣದ್ದು, ಈ ನಲವತ್ತು ವರ್ಷದಲ್ಲಿ ಅನ್ನಕ್ಕಿಂತ ಹೆಚ್ಚು ಆ ರುಚಿಯನ್ನೇ ಕಂಡಿದೆ ನನ್ನ ನಾಲಿಗೆ. ಕಾಲರಿನ ಒಳಗಡೆ ಕೆಂಪು ದಾರದಲ್ಲಿ ಏಳು ಅಂತ ಇದೆ, ಅದನ್ನು ಹಾಕಿದ್ದೂ ನಾನೇ, ಹನ್ನೊಂದು ವರ್ಷದ ಹಿಂದೆ ಕ್ವಾಯರಿನ ಇಪ್ಪತ್ತು ಜನರಿಗೆ ಇಪ್ಪತ್ತು ಬಿಳಿ ನಿಲುವಂಗಿ, ಒಂದೊಂದಕ್ಕೂ ಒಂದೊಂದು ನಂಬರು, ಅವಳದು ಏಳು, ನನ್ನದು ಎಂಟು, ನೀನು ನನ್ನ ಹಿಂದೆ ಬರೋ ನಂಬರೇ ತಗೋಬೇಕು ಕಣೇ, ಬಾಲ ಯಾವತ್ತಾದ್ರೂ ಮುಂದೆ ಇರತ್ತಾ, ಅಂದು ನಕ್ಕಿದ್ದಳು.

ಬಾಲಂಗೋಚಿ. ನನ್ನ ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿರಬೇಕು, ಅವಳು ಇಟ್ಟ ಹೆಸರು ಮಾತ್ರ ಊರ ಬಾಯಲ್ಲಿ ಉಳಿಯಿತು, ಒಂಬತ್ತು ವರ್ಷದವಳು ನಾನು, ಅವಳೂ ಅಷ್ಟೇ, ಭಾನುವಾರದ ಮಕ್ಕಳ ತರಗತಿಯಲ್ಲಿ ಹಾಡು ಕಲಿಸುವ ಟೀಚರು ನನ್ನ ಬಾಯಿ ತೆರೆಸಿ ನೋಡಿ, ಗಂಟಲೇನೋ ಚೆನ್ನಾಗಿದೆ, ಕಿವಿ ಮಾತ್ರ ಎಲ್ಲೋ ಬಿಟ್ಟು ಬಂದಿದೆ ಈ ಹುಡುಗಿ, ಅಂದರು, ಎಲ್ಲರೂ ನಕ್ಕರು, ನನಗೆ ಮೊದಲನೇ ಸ್ವರ ಸಿಗುವುದಿಲ್ಲ, ಇವತ್ತಿಗೂ ಸಿಗುವುದಿಲ್ಲ, ಆರ್ಗನ್ ಏನು ಹೇಳುತ್ತಿದೆ ಅನ್ನುವುದು ನನಗೆ ಗೋಡೆಯಾಚೆಯ ಜಗಳದ ಹಾಗೆ, ಸದ್ದು ಕೇಳುತ್ತದೆ, ವಿಷಯ ತಿಳಿಯುವುದಿಲ್ಲ, ಯಾರಾದರೂ ಒಬ್ಬರು ಶುರು ಮಾಡಿ ಅರ್ಧ ಅಕ್ಷರ ಹೊರಗೆ ಬಂದರೆ ಸಾಕು, ಹಿಡಿದುಕೊಳ್ಳುತ್ತೇನೆ, ಆಮೇಲೆ ಬಿಡುವುದಿಲ್ಲ. ಅವಳೇ ಕಂಡುಹಿಡಿದದ್ದು ಅದನ್ನು. ನನ್ನ ಪಕ್ಕ ನಿಂತ್ಕೋ, ನಾನು ಉಸಿರು ಎಳ್ಕೋತೀನಿ, ಮೊಣಕೈಯಲ್ಲಿ ತಿವೀತೀನಿ, ನೀನು ಬಾಯಿ ತೆಗಿ, ಸ್ವರ ನಾನು ಕೊಡ್ತೀನಿ, ಅಷ್ಟೇ, ಯಾರಿಗೂ ಗೊತ್ತಾಗಲ್ಲ. ಯಾರಿಗೂ ಗೊತ್ತಾಗಲಿಲ್ಲ. ಐವತ್ತನಾಲ್ಕು ವರ್ಷ. ಪಾದ್ರಿಗಳು ಬದಲಾದರು, ಆರ್ಗನ್ನಿನ ಹಲ್ಲು ಹಳದಿಯಾಗಿ ಎರಡು ಉದುರಿದವು, ನಮಗೆ ಮದುವೆಯಾಯಿತು, ಮಕ್ಕಳಾದವು, ಗಂಡಂದಿರು ಒಬ್ಬರ ಹಿಂದೆ ಒಬ್ಬರು ಹೋದರು, ಅವಳ ಉಸಿರು ಮಾತ್ರ ಅದೇ, ಬಿಸಿ ಪಾತ್ರೆ ಮುಟ್ಟಿದವರು ಎಳೆದುಕೊಳ್ಳುತ್ತಾರಲ್ಲ ಹಾಗೆ, ಹಲ್ಲಿನ ಸಂದಿಯಿಂದ, ಸ್ಸ್‌ ಅಂತ, ಹಿಂದೆಯೇ ಎಡ ಮೊಣಕೈ ನನ್ನ ಪಕ್ಕೆಗೆ, ಅರ್ಧ ಮಾತ್ರೆ ಬಿಟ್ಟು ನಾನು. ಹಿಂದಿನ ಸಾಲಿನಲ್ಲಿ ಎಷ್ಟು ಒಂದಾಗಿ ಕೇಳುತ್ತೆ ಇವರಿಬ್ಬರ ದನಿ, ಅನ್ನುತ್ತಿದ್ದರು ಜನ. ಒಂದಾಗದೆ ಏನು, ಇದ್ದದ್ದೇ ಒಂದು, ಇನ್ನೊಂದು ಅದರ ಬಾಲ.

ಇಗೋ, ಈ ಎಡತೋಳಿನ ಮೊಣಕೈ ಹತ್ತಿರ ತೇಪೆ, ಒಳಗಿನಿಂದ ಹಾಕಿದ್ದೇನೆ, ಹೊರಗೆ ಕಾಣುವುದಿಲ್ಲ, ಮೂರು ಸಲ ಹಾಕಿದ್ದೇನೆ, ನನ್ನ ಪಕ್ಕೆ ತಿವಿದೂ ತಿವಿದೂ ಬಟ್ಟೆಯೇ ಸವೆದಿತ್ತು, ಪ್ರಪಂಚದಲ್ಲಿ ಯಾವ ಕ್ವಾಯರಿನ ನಿಲುವಂಗಿಯೂ ಅಲ್ಲಿ ಹರಿಯುವುದಿಲ್ಲ, ಹಾಡು ಕಲಿಸುವ ಮೇಷ್ಟ್ರು ಕೇಳಿದರೆ ಅಂಚೆ ಕಚೇರಿ ಕೌಂಟರಿನ ಮೇಲೆ ಮೊಣಕೈ ಊರಿ ಅಭ್ಯಾಸ ಸಾರ್ ಅಂತ ಅವರ ಕಿವಿಗೆ ಹೂವಿಟ್ಟಿದ್ದಳು. ಮೂವತ್ತೈದು ವರ್ಷ ಕೌಂಟರು, ಕೈಯಲ್ಲಿ ಠಸ್ಸೆ, ಶಾಯಿ ಮೆತ್ತೆಯ ಮೇಲೊಂದು ಏಟು, ಲಕೋಟೆಯ ಮೇಲೊಂದು ಏಟು, ಸಾಲಿನಲ್ಲಿ ನಿಂತವರ ಕಾಲು ತಾನಾಗಿ ತಾಳ ಹಾಕುವಷ್ಟು ಲಯ, ಅದಕ್ಕೇ ಅವಳಿಗೆ ಠಸ್ಸೆ ಅಂತ ಹೆಸರು ಬಿದ್ದದ್ದು, ಠಸ್ಸೆಯಮ್ಮ ಅಂದರೆ ಸಣ್ಣವರಿಗೂ ಗೊತ್ತು. ಮಧ್ಯಾಹ್ನ ಒಂದೂವರೆಗೆ ಊಟದ ಬಿಡುವು, ರಸ್ತೆ ದಾಟಿ ನನ್ನ ಅಂಗಡಿಗೆ, ಆ ಸ್ಟೂಲಿನ ಮೇಲೆ, ಕೆಟ್ಟುಹೋದ ಮಿಷನ್ನಿನ ಪೆಡಲಿನ ಮೇಲೆ ಕಾಲಿಟ್ಟು ಸುಮ್ಮನೆ ತುಳಿಯುತ್ತಾ, ನಾನು ಯಾರದೋ ಲಂಗದ ಅಂಚಿಗೆ ಗುಂಡುಸೂಜಿ ಚುಚ್ಚುತ್ತಾ, ತುಟಿಯ ನಡುವೆ ಆರೋ ಏಳೋ ಹಿಡಿದುಕೊಂಡೇ, ಮಾತು ಮಾತು ಮಾತು, ಅವಳ ಅತ್ತೆಯನ್ನು ಬೈದು ಮುಗಿಸಿ ನನ್ನ ಅತ್ತೆಗೆ ಬರುವಷ್ಟರಲ್ಲಿ ಎರಡು ಗಂಟೆ, ನಿವೃತ್ತಿಯಾದ ಮೇಲೂ ಒಂದೂವರೆ ಅಂದರೆ ಅವಳ ಚಪ್ಪಲಿ ಸದ್ದು. ನನ್ನ ಸೊಸೆ ಬೈಯುತ್ತಿದ್ದಳು, ಅತ್ತೆ, ಬಾಯಲ್ಲಿ ಪಿನ್ ಇಟ್ಕೊಂಡು ಹರಟೆ ಹೊಡೀಬೇಡಿ, ಒಂದಿನ ನುಂಗೇ ನುಂಗ್ತೀರಾ, ಅದಕ್ಕೆ ಇವಳು, ನಿಮ್ಮತ್ತೆ ಪಿನ್ ನುಂಗಿದ್ರೆ ಪಿನ್ನಿಗೇ ಹೊಟ್ಟೆನೋವು ಬರತ್ತೆ ಬಿಡಮ್ಮ. ಒಂದೂವರೆ ದಾಟಿತು. ಸ್ಟೂಲು ಹಾಗೇ ಇದೆ. ಅದರ ಮೇಲೆ ಯಾರೂ ಏನೂ ಇಟ್ಟಿಲ್ಲ, ನಾನು ಇಡಗೊಟ್ಟಿಲ್ಲ.

ಬಂತು, ಕೊನೆಯ ಹೊಲಿಗೆಯೂ ಬಂತು, ಅಂಚು ಬಿಚ್ಚಿಕೊಂಡು ಜೋತುಬಿತ್ತು, ನಾಲ್ಕು ಬೆರಳಗಲ, ಒಳಗೆ ಮಡಚಿದ್ದ ಬಟ್ಟೆ ಹೊಸದರ ಹಾಗೆ ಬೆಳ್ಳಗಿದೆ, ಹೊರಗಿನದು ಮಾಸಿದೆ, ನಡುವೆ ಮಡಿಕೆಯ ಗೆರೆ, ನೀರು ಚಿಮುಕಿಸಿ ಇಸ್ತ್ರಿ ಒತ್ತುತ್ತೇನೆ, ಸ್ಸ್‌ ಅಂತು, ಸ್ಟೂಲಿನ ಕಡೆ ತಿರುಗಿದೆ, ಸುಮ್ಮನೆ ಹಬೆ, ಹಬೆ ಅಷ್ಟೇ, ಇನ್ನೊಂದು ಸಲ ಒತ್ತಿದೆ, ಗೆರೆ ಹೋಗುತ್ತಿಲ್ಲ, ಹೋಗುವುದಿಲ್ಲ, ನನಗೆ ಗೊತ್ತಿಲ್ಲವೇ, ಒಮ್ಮೆ ಮಡಚಿ ಹೊಲಿದ ಬಟ್ಟೆ ಮರೆಯುವುದಿಲ್ಲ. ಏಳು ತಿಂಗಳ ಹಿಂದೆ ಮೇಷ್ಟ್ರು ಬಂದದ್ದೂ ಇದೇ ಹೊತ್ತಿಗೆ, ಅವತ್ತು ಅವಳು ಬಂದಿರಲಿಲ್ಲ, ಮೊಮ್ಮಗುವಿಗೆ ಜ್ವರ ಅಂತ, ಬಂದಿದ್ದರೆ ಎಲ್ಲವೂ ಬೇರೆಯಾಗುತ್ತಿತ್ತು, ಮೇಷ್ಟ್ರು ಅಂದರೆ ಕ್ವಾಯರಿಗೆ ಹೊಸದಾಗಿ ಬಂದ ಗಾಯನದ ಮೇಷ್ಟ್ರು, ಒಳ್ಳೆಯ ಮನುಷ್ಯ, ಜೋರಾಗಿ ಮಾತಾಡಿದರೆ ಎಲ್ಲಿ ಯಾರಿಗೆ ನೋವಾಗುತ್ತದೋ ಅಂತ ನಡೆಯುವಾಗಲೂ ಮೆಲ್ಲಗೆ ನಡೆಯುವವರು, ಪ್ಯಾಂಟಿನ ಜಿಪ್ಪು ಹಾಕಿಸಿಕೊಳ್ಳುವ ನೆಪದಲ್ಲಿ ಬಂದು, ಅದೇ ಸ್ಟೂಲಿನ ಮೇಲೆ ಕೂತು, ಟೈಲರಮ್ಮ, ಒಂದು ಮಾತು, ತಪ್ಪು ತಿಳ್ಕೋಬೇಡಿ, ಹೆಂಗಸರ ಹಿಂದಿನ ಸಾಲಲ್ಲಿ ದನಿ ಇಳೀತಾ ಇದೆ, ಎರಡು ದನಿ, ಒಬ್ರು ಇಳಿಸ್ತಾರೆ, ಇನ್ನೊಬ್ರು ಅವರ ಹಿಂದೇನೇ ಇಳೀತಾರೆ, ಒಬ್ರು ಯಾರು ಅಂತ ಗೊತ್ತಾದ್ರೆ ಸಾಕು, ಇನ್ನೊಬ್ರು ತಾನಾಗೇ ಸರಿಹೋಗ್ತಾರೆ, ನಿಮಗೆ ಹತ್ತಿರದಿಂದ ಕೇಳಿಸುತ್ತಲ್ಲ, ಯಾರದು ಅಂತ ಹೇಳ್ತೀರಾ. ನನ್ನ ಕೈಯಲ್ಲಿ ಇದೇ ನಿಲುವಂಗಿ, ಇದೇ ತೋಳು, ಮೂರನೇ ತೇಪೆಗೆ ಬಟ್ಟೆ ಕೂರಿಸಿ ಗುಂಡುಸೂಜಿ ಚುಚ್ಚುತ್ತಿದ್ದೆ, ಬಾಯಿ ತುಂಬ ಗುಂಡುಸೂಜಿ, ಹೇಗೆ ಮಾತಾಡಲಿ, ಅವರು ಕಾಯುತ್ತಿದ್ದಾರೆ, ಅವಳಿಗೆ ಕಿವಿ ಮಂದವಾಗುತ್ತಿದೆ ಅಂತ ನನಗೆ ಮೂರು ತಿಂಗಳಿಂದ ಗೊತ್ತಿತ್ತು, ಅವಳು ಕೊಡುವ ಸ್ವರ ಇಳಿದರೆ ನನ್ನದೂ ಇಳಿಯುತ್ತದೆ, ಅವಳು ಹಳ್ಳಕ್ಕೆ ಬಿದ್ದರೆ ನಾನೂ ಹಳ್ಳಕ್ಕೆ, ಆದರೆ ಇಳಿದ ದನಿಗಳಲ್ಲಿ ಒಂದು ಅವಳದು, ಇನ್ನೊಂದು ಯಾರದು, ನನ್ನದು ಅಂತ ಹೇಳಿದರೆ ಮೇಷ್ಟ್ರು ನನ್ನನ್ನು ಒಂಟಿಯಾಗಿ ನಿಲ್ಲಿಸಿ ಹಾಡಿ ನೋಡೋಣ ಅನ್ನುತ್ತಾರೆ, ಒಂಟಿಯಾಗಿ, ಅರವತ್ತಮೂರನೇ ವಯಸ್ಸಿನಲ್ಲಿ, ಎಲ್ಲರ ಎದುರು, ಕಿವಿ ಎಲ್ಲೋ ಬಿಟ್ಟು ಬಂದಿದೆ ಈ ಹುಡುಗಿ. ಬಾಯಿ ತೆರೆಯಲಿಲ್ಲ ನಾನು. ಗದ್ದ ಎತ್ತಿ ಕೈಯಲ್ಲಿದ್ದ ನಿಲುವಂಗಿಯ ಕಾಲರಿನ ಕಡೆ ತೋರಿಸಿದೆ. ಏಳು. ಮೇಷ್ಟ್ರು ನೋಡಿದರು, ಓ ಅಂದರು, ಅಷ್ಟು ಮೆಲ್ಲಗೆ ಯಾರೂ ಓ ಅಂದದ್ದು ನಾನು ಕೇಳಿಲ್ಲ, ಜಿಪ್ಪಿನ ವಿಷಯ ಮರೆತೇ ಎದ್ದು ಹೋದರು.

ಭಯ ಒಂದೇನಾ, ಭಯ ಒಂದೇ ಆಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ, ನಿಜ ಹೇಳೇ ಬಾಲಂಗೋಚಿ, ಇವತ್ತಾದರೂ ಹೇಳು, ಅದಕ್ಕೆ ಹದಿನೈದು ದಿನ ಮುಂಚೆ ಯಾರದೋ ಮದುವೆಯ ಊಟದ ಮನೆಯಲ್ಲಿ ಎಲ್ಲರ ಮುಂದೆ ಅವಳು ನಕ್ಕಳು, ಅಯ್ಯೋ ಇವಳಾ, ನಾನಿಲ್ದಿದ್ರೆ ಇವಳಿಗೆ ಆಮೆನ್ ಅನ್ನಕ್ಕೂ ಬರಲ್ಲ, ಎಲ್ಲರೂ ನಕ್ಕರು, ನಾನೂ ನಕ್ಕೆ, ತಮಾಷೆ ಅದು, ಐವತ್ತನಾಲ್ಕು ವರ್ಷದ ತಮಾಷೆ, ಅವಳ ಮನಸ್ಸಿನಲ್ಲಿ ಒಂದು ಚೂರೂ ಕೆಟ್ಟದಿರಲಿಲ್ಲ, ಆದರೆ ನಿಜ ಇತ್ತು, ನಿಜವಾದ್ದಕ್ಕೇ ನನಗೆ ತಡೆಯಲಾಗಲಿಲ್ಲ. ಗದ್ದ ಎತ್ತಿದಾಗ ಅದೂ ಇತ್ತು ಗದ್ದದಲ್ಲಿ. ಇತ್ತು, ಇತ್ತು, ಇತ್ತು. ಆಮೇಲೆ ಮೇಷ್ಟ್ರು ಅವಳಿಗೆ ಏನು ಹೇಳಿದರೋ, ಮುಂದಿನ ಭಾನುವಾರ ಅವಳು ನಾಲ್ಕನೇ ಬೆಂಚಿನಲ್ಲಿ, ಕೈಚೀಲ ಮಡಿಲಲ್ಲಿಟ್ಟುಕೊಂಡು, ನನ್ನ ಕಡೆ ನೋಡಿ ಹುಬ್ಬು ಹಾರಿಸಿ ನಕ್ಕಳು, ವಯಸ್ಸಾಯ್ತಂತೆ ಕಣೇ ನನಗೆ, ಕೂತ್ಕೊಂಡು ಕೇಳು ಅಂದ್ರು, ಇನ್ಮೇಲೆ ನಿನ್ನನ್ನ ಎದುರಿಂದ ನೋಡ್ಬಹುದು, ಎಷ್ಟು ವರ್ಷ ಪಕ್ಕದಿಂದ ನಿನ್ನ ಮೂಗು ಮಾತ್ರ ನೋಡೋದು. ಅದರ ಮುಂದಿನ ವಾರ ಮೇಷ್ಟ್ರು ಇದೇ ನಿಲುವಂಗಿ ತಂದರು, ಕ್ವಾಯರಿಗೆ ಹೊಸದಾಗಿ ಸೇರಿದ ಗಣಿತದ ಟೀಚರು ಕುಳ್ಳು, ನಾಲ್ಕು ಬೆರಳು ಮೇಲೆ ಮಡಚಿ ಹೊಲಿಯಿರಿ ಅಂತ, ಹೊಲಿದೆ, ಎರಡೆರಡು ಸಲ ಓಡಿಸಿದೆ.

ಏಳು ತಿಂಗಳು ನಾನು ಹಾಡಲಿಲ್ಲ. ಬಾಯಿ ಆಡಿಸಿದೆ. ಮೀನು ಆಡಿಸುತ್ತದಲ್ಲ ಹಾಗೆ, ಉಸಿರಿಲ್ಲದೆ, ಸದ್ದಿಲ್ಲದೆ, ಗಣಿತದ ಟೀಚರ ಮೊಣಕೈ ನನ್ನ ಪಕ್ಕದಲ್ಲೇ ಇತ್ತು, ಅದಕ್ಕೇನು ಗೊತ್ತು ಪಾಪ, ಮೇಷ್ಟ್ರು ಮಾತ್ರ ಖುಷಿಯಲ್ಲಿ, ನೋಡಿದ್ರಾ, ಹೆಂಗಸರ ಸಾಲು ಈಗ ಎಷ್ಟು ಶುದ್ಧವಾಗಿದೆ, ಒಬ್ರನ್ನ ಸರಿ ಮಾಡಿದ್ರೆ ಇನ್ನೊಬ್ರು ತಾನಾಗೇ ಸರಿಹೋದ್ರು. ನಾಲ್ಕನೇ ಬೆಂಚಿನಲ್ಲಿದ್ದ ಅವಳಿಗೆ ಎಷ್ಟು ದಿನ ಹಿಡಿಯಿತು ಕಂಡುಕೊಳ್ಳಲು, ಒಂದೇ ಭಾನುವಾರ, ಕಿವಿ ಮಂದವಾದರೇನು, ನನ್ನ ಕತ್ತಿನ ನರ ಉಬ್ಬುತ್ತಿಲ್ಲ ಅಂತ ಕಂಡಿತಂತೆ, ಏನೇ, ಗಂಟಲು ನೋವಾ, ಇಲ್ಲ ಅಂದೆ. ಮುಂದಿನ ಭಾನುವಾರ ಆರ್ಗನ್ ಶುರುವಾಯಿತು, ನಾಲ್ಕನೇ ಬೆಂಚಿನಿಂದ ಸ್ಸ್‌ ಅಂತ ಉಸಿರು, ಇಡೀ ಚರ್ಚಿಗೆ ಕೇಳುವಷ್ಟು ಜೋರಾಗಿ, ಜನ ತಿರುಗಿ ನೋಡಿದರು, ಪಾದ್ರಿಗಳೂ ಕಣ್ಣೆತ್ತಿದರು, ಉಬ್ಬಸ ಇರಬೇಕು ಪಾಪ ಅಂದುಕೊಂಡರು, ಅವಳು ನನ್ನನ್ನೇ ನೋಡುತ್ತಿದ್ದಳು, ಎಡ ಮೊಣಕೈಯನ್ನು ಪಕ್ಕದ ಖಾಲಿ ಜಾಗಕ್ಕೆ ತಿವಿದಳು, ಹಾಡು, ಅಂತ, ಹಾಡೇ, ಅಂತ. ಪ್ರತಿ ಸಾಲಿಗೂ. ಪ್ರತಿ ಭಾನುವಾರವೂ. ಅಕ್ಕಪಕ್ಕದವರು ಜಾಗ ಬದಲಿಸಿದರು, ಒಬ್ಬರು ಔಷಧಿಯ ಹೆಸರು ಹೇಳಿದರು, ಅವಳು ಬಿಡಲಿಲ್ಲ. ನಾನು ಕಣ್ಣು ತಪ್ಪಿಸಿ ಕಿಟಕಿ ನೋಡಿದೆ. ಉಸಿರು ಕೊಟ್ಟವಳ ಉಸಿರು ತೆಗೆದುಕೊಳ್ಳಲು ನನಗೆ ಯಾವ ಮುಖ ಇತ್ತು. ಅಂಗಡಿಗೆ ಬಂದರೂ ಮೊದಲಿನ ಹಾಗೆ ಕೂರಲು ಬಿಡಲಿಲ್ಲ, ಯೂನಿಫಾರ್ಮು ರಾಶಿ ಬಿದ್ದಿದೆ ಮಾರಾಯ್ತಿ, ಅವಸರ, ನಾಳೆ ಬಾ, ನಾಡಿದ್ದು ಬಾ, ಅವಳು ಪೆಡಲನ್ನು ನಾಲ್ಕು ಸಲ ತುಳಿದು ಎದ್ದು ಹೋಗುತ್ತಿದ್ದಳು.

ಈ ಸೋಮವಾರ ಅವಳ ಫೋನು. ಬರ್ಲಾ ನಾಳೆ, ನಿನ್ಹತ್ರ ಒಂದು ವಿಷಯ ಮಾತಾಡ್ಬೇಕು, ಫೋನಲ್ಲಿ ಆಗಲ್ಲ. ಅವಳಿಗೆ ಗೊತ್ತಾಗಿಹೋಗಿದೆ, ಯಾರೋ ಹೇಳಿದ್ದಾರೆ, ಕೇಳಲು ಬರುತ್ತಿದ್ದಾಳೆ, ನೀನೇನಾ, ಅಂತ ಕೇಳುತ್ತಾಳೆ, ನೇರ ಮುಖ ನೋಡಿ ಕೇಳುತ್ತಾಳೆ, ನಾಳೆ ಆಗಲ್ಲ ಕಣೇ, ಶಾಲೆ ಯೂನಿಫಾರ್ಮು, ಗುರುವಾರ ಬಾ, ಅಂದೆ. ಗುರುವಾರನಾ, ಆಯ್ತು ಬಿಡು, ಗುರುವಾರ ಒಂದೂವರೆಗೆ. ಬುಧವಾರ ಬೆಳಿಗ್ಗೆ ಅವಳ ಮಗಳ ಫೋನು, ಚಿಕ್ಕಮ್ಮ, ಅಮ್ಮ ಏಳ್ತಾ ಇಲ್ಲ. ಇವತ್ತು ಗುರುವಾರ. ಒಂದೂವರೆ ದಾಟಿ ಈಗ ಎರಡೂಮುಕ್ಕಾಲು, ಮಾತು ತಪ್ಪುವವಳಲ್ಲ ಅವಳು, ಬಂದಿದ್ದಾಳೆ, ಇಗೋ ಮೇಜಿನ ಮೇಲೆ ಬೆನ್ನು ಮೇಲಾಗಿ ಮಲಗಿದ್ದಾಳೆ, ಬಿಳಿ ನಿಲುವಂಗಿ, ತೋಳು ಎರಡೂ ಚಾಚಿಕೊಂಡು, ಈಗ ನಾನು ಕತ್ತರಿ ತೆಗೆದುಕೊಂಡು ಬೆನ್ನು ಸೀಳಬೇಕು, ಕಾಲರಿನಿಂದ ಅಂಚಿನವರೆಗೆ, ಮಲಗಿದವರಿಗೆ ತೊಡಿಸುವುದು ಹಾಗೇನೇ, ಹಿಂದೆ ಸೀಳಿ ಮುಂದಿನಿಂದ ಹೊದಿಸಿ ಪಕ್ಕಕ್ಕೆ ಸಿಕ್ಕಿಸಿ ಗುಂಡುಸೂಜಿ ಹಾಕುವುದು, ಪೆಟ್ಟಿಗೆಯವರು ಹೇಳಿ ಕಳಿಸಿದ್ದಾರೆ, ನಿಮಗೆ ಗೊತ್ತಲ್ಲ ಟೈಲರಮ್ಮ ಅಂತ. ಗೊತ್ತು. ಬೆನ್ನಿಗೆ ಕತ್ತರಿ ಹಾಕುವುದು ನನಗೆ ಚೆನ್ನಾಗಿ ಗೊತ್ತು. ಕೆಂಪು ಏಳರ ಪಕ್ಕದಲ್ಲಿ ಹಾಕಿದೆ, ಏಳು ಉಳಿಯಿತು, ಕರ್‌ ಅಂತ ಸೀಳುತ್ತಾ ಹೋಯಿತು, ಮಡಿಕೆಯ ಗೆರೆಯನ್ನೂ ದಾಟಿ ಅಂಚಿಗೆ ಬಂತು.

ಬಟ್ಟೆ ಮಡಚಿ ಎದೆಗೆ ಅವುಚಿಕೊಂಡು ರಸ್ತೆ ದಾಟುತ್ತೇನೆ, ಅಂಚೆ ಕಚೇರಿಯೊಳಗೆ ಯಾರೋ ಹೊಸಬರು ಠಸ್ಸೆ ಒತ್ತುತ್ತಿದ್ದಾರೆ, ಲಯವಿಲ್ಲ, ಒಂದು ಏಟು, ನಿಂತು, ಇನ್ನೊಂದು ಏಟು, ಚರ್ಚಿನ ಗೇಟಿನಲ್ಲಿ ಮೇಷ್ಟ್ರು, ಕಣ್ಣು ಕೆಂಪಗೆ, ಟೈಲರಮ್ಮ, ಮೊದಲನೇ ಹಾಡನ್ನ ನೀವೇ ಎತ್ತಿಕೊಡಿ, ಒಬ್ರೇ ಒಂದು ಸಾಲು ಹಾಡಿ, ಆಮೇಲೆ ಎಲ್ಲರೂ ಸೇರ್ಕೋತೀವಿ, ಅವರ ಜೀವದ ಗೆಳತಿ ಅಲ್ವಾ ನೀವು, ಇನ್ಯಾರು ಹಾಡ್ಬೇಕು. ಒಬ್ಬಳೇ. ಒಂದು ಸಾಲು. ಹೂಂ ಅಂದೆ, ಯಾಕೆ ಹೂಂ ಅಂದೆ, ಕಾಲ ಕೆಳಗೆ ಜಲ್ಲಿಕಲ್ಲು ಸರಿಯುತ್ತಿದೆ, ಯಾರು ಕೊಡುತ್ತಾರೆ ನನಗೆ ಸ್ವರ, ದೇವರೇ, ನಿನ್ನ ಮನೆಯಲ್ಲೇ ಐವತ್ತನಾಲ್ಕು ವರ್ಷ ಎರವಲು ದನಿಯಲ್ಲಿ ಹಾಡಿದೆ, ಒಂದು ಸಲವೂ ನಿನಗೆ ಗೊತ್ತಾಗಲಿಲ್ಲವಾ, ಗೊತ್ತಾಗಿಯೂ ಸುಮ್ಮನಿದ್ದೆಯಾ, ಇವತ್ತು ಮಾತ್ರ ಸುಮ್ಮನಿರಬೇಡ, ಹಾಡು ಶುರುವಾಗುವ ಮೊದಲು ನನ್ನ ಬಾಯಿಂದ ಅದು ಬರಲಿ, ಮಗಳು ನನ್ನ ಕೆನ್ನೆಗೆ ಹೊಡೆಯಲಿ, ಹೊರಗೆ ಹೋಗು ಅನ್ನಲಿ, ಅನ್ನಿಸಿಕೊಂಡು ಹೊರಗೆ ಹೋಗುತ್ತೇನೆ, ಹಾಡುವುದು ತಪ್ಪುತ್ತದೆ, ನೋಡು, ಈ ಹೊತ್ತಿನಲ್ಲೂ ನನ್ನ ಲೆಕ್ಕಾಚಾರ ನೋಡು, ತಪ್ಪು ಒಪ್ಪಿಕೊಳ್ಳುವುದರಲ್ಲೂ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಿದ್ದೇನೆ.

ಪಕ್ಕದ ಕೋಣೆ, ಕ್ವಾಯರಿನವರು ಬಟ್ಟೆ ಬದಲಾಯಿಸುವ ಕೋಣೆ, ಗೋಡೆಯ ಉದ್ದಕ್ಕೂ ಮೊಳೆ, ಮೊಳೆಗೊಂದು ನಂಬರು, ಏಳನೆಯದು ಖಾಲಿ, ಜೋಡಿಸಿಟ್ಟ ಬೆಂಚುಗಳ ಮೇಲೆ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಅವಳು, ಬಾಯಿ ಸ್ವಲ್ಪ ತೆರೆದಿದೆ, ಈಗ ಉಸಿರು ಎಳೆದುಕೊಳ್ಳುತ್ತಾಳೆ ಅನ್ನುವ ಹಾಗೆ, ಎಷ್ಟು ಮುಚ್ಚಿದರೂ ಮುಚ್ಚಿಕೊಳ್ಳಲಿಲ್ಲವಂತೆ. ಏಳು ತಿಂಗಳಲ್ಲಿ ಇಷ್ಟು ಇಳಿದುಹೋದಳಾ, ನಾನು ನೋಡಲೇ ಇಲ್ಲ, ಕಿಟಕಿ ನೋಡುತ್ತಿದ್ದೆ. ಮಗಳು ಅಮ್ಮನ ತಲೆ ಎತ್ತಿ ಹಿಡಿದಳು, ನಾನು ತೋಳು ಹಾಕಿದೆ, ಬಲತೋಳು, ಆಮೇಲೆ ಎಡತೋಳು, ಆ ಮೊಣಕೈ ನನ್ನ ಅಂಗೈಯಲ್ಲಿ, ತಣ್ಣಗೆ, ಚೂಪಾಗಿ, ನನ್ನ ಪಕ್ಕೆಯಲ್ಲಿ ಅದೇ ಜಾಗ ನೊಂದಿತು, ತೇಪೆ ಸರಿಯಾಗಿ ಅದರ ಮೇಲೆ ಕೂತಿತು, ಬಟ್ಟೆ ಎರಡು ಕಡೆ ಅಗಲ, ಒಳಕ್ಕೆ ಸಿಕ್ಕಿಸಿದೆ, ಡಬ್ಬಿಯಿಂದ ಗುಂಡುಸೂಜಿ ತೆಗೆದು ತುಟಿಯ ನಡುವೆ ಇಟ್ಟುಕೊಂಡೆ, ಹತ್ತು, ಒಂದೊಂದೇ ತೆಗೆದು ಚುಚ್ಚಿದೆ, ಭುಜಕ್ಕೊಂದು, ಕಂಕುಳ ಕೆಳಗೊಂದು, ಚರ್ಮಕ್ಕೆ ತಾಗದ ಹಾಗೆ, ತಾಗಿದರೆ ನೋಯುತ್ತದೇನೋ ಅನ್ನುವ ಹಾಗೆ, ಮಗಳು ಅಂಚಿನ ಗೆರೆಯ ಮೇಲೆ ಬೆರಳಾಡಿಸುತ್ತಾ, ಇದೇನಿದು ಗೆರೆ ಚಿಕ್ಕಮ್ಮ, ಈಗ, ಈಗ ಹೇಳು, ಆರು ಚುಚ್ಚಿ ಆಯಿತು, ಇನ್ನು ನಾಲ್ಕು, ನಾಲ್ಕೂ ಚುಚ್ಚಿ ಬಾಯಿ ಖಾಲಿಯಾದ ಮೇಲೆ ಹೇಳುತ್ತೇನೆ, ಅಷ್ಟರಲ್ಲಿ ಮಗಳೇ ಶುರು ಮಾಡಿದಳು, ಮೆಲ್ಲಗೆ, ಅಮ್ಮನ ಕೂದಲು ಸರಿಮಾಡುತ್ತಾ, ಅಮ್ಮ ಕ್ವಾಯರ್ ಬಿಡೋ ಹಾಗಾಯ್ತಲ್ಲ, ನೀವು ಅದನ್ನೇ ಮನಸ್ಸಿಗೆ ಹಚ್ಕೊಂಡಿದೀರಾ ಅಂತ ನಂಗೊತ್ತು ಚಿಕ್ಕಮ್ಮ, ಅಮ್ಮ ಹೇಳ್ತಿದ್ರು. ಏನು. ಏನು ಹೇಳುತ್ತಿದ್ದಳು. ಮೇಷ್ಟ್ರು ಅಮ್ಮನಿಗೆ ಅವತ್ತೇ ಹೇಳಿದ್ರಂತೆ, ಟೈಲರಮ್ಮನ್ನ ಕೇಳಿದೆ, ಪಾಪ ಬಾಯಿ ತುಂಬ ಪಿನ್ನು, ಮಾತಾಡಕ್ಕಾಗ್ಲಿಲ್ಲ, ನಿಮ್ಮ ನಿಲುವಂಗಿ ಕಡೆ ಗದ್ದ ತೋರಿಸಿದ್ರು ಅಂತ. ಮೊದಲನೇ ದಿನದಿಂದ. ಏಳು ತಿಂಗಳು. ನಾಲ್ಕನೇ ಬೆಂಚಿನಲ್ಲಿ ಹುಬ್ಬು ಹಾರಿಸಿ ನಕ್ಕಾಗಲೂ ಗೊತ್ತಿತ್ತು, ಇಡೀ ಚರ್ಚು ತಿರುಗಿ ನೋಡುವ ಹಾಗೆ ನನಗೆ ಉಸಿರು ಕೊಟ್ಟಾಗಲೂ ಗೊತ್ತಿತ್ತು. ನಂಗೇ ಸಿಟ್ಟು ಬಂದಿತ್ತು ಚಿಕ್ಕಮ್ಮ, ಸುಳ್ಳು ಯಾಕೆ ಹೇಳ್ಲಿ, ಅಮ್ಮ ನನ್ನ ಬಾಯಿ ಮುಚ್ಚಿಸಿದ್ರು, ಅವಳ ಬಾಯಲ್ಲಿ ಪಿನ್ ಇತ್ತಲ್ವೇನೇ, ಅವಳೆಲ್ಲಿ ಮಾತಾಡ್ತಾಳೆ ಪಾಪ, ಪಿನ್ ಇಲ್ದೇ ಇದ್ದಿದ್ರೆ ನಾನೇ ಅಂತ ಅಂದಿರೋಳು ಅವಳು, ನನ್ನ ಹೆಸರು ಖಂಡಿತ ಹೇಳ್ತಿರ್ಲಿಲ್ಲ, ಅಂತ. ಇವತ್ತು ಅದನ್ನೇ ಹೇಳಕ್ಕೆ ಬರೋರಿದ್ರು ನಿಮ್ಹತ್ರ, ಸುಮ್ನೆ ಕೊರಗ್ತಿದಾಳೆ, ಪಿನ್ನಿಂದ ಆಗಿದ್ದು ಅದು, ಅವಳಿಂದಲ್ಲ, ಅಂತ ಹೇಳಿ ಬರ್ತೀನಿ ಅಂತಿದ್ರು. ಗೋಡೆಯಾಚೆ ಆರ್ಗನ್ ಶುರುವಾಯಿತು, ಮೊದಲನೇ ಸಾಲು ನುಡಿಸಿ ನಿಂತಿತು, ಕಾಯಿತು, ಮತ್ತೆ ಅದೇ ಸಾಲು, ತೆರೆದ ಬಾಯಿ ಉಸಿರೆಳೆಯಲಿಲ್ಲ, ಸ್ಟೂಲು, ಪೆಡಲು, ಒಂದೂವರೆಯಿಂದ ಎರಡು, ನಲವತ್ತು ವರ್ಷ, ತುಟಿಯಲ್ಲಿ ಗುಂಡುಸೂಜಿ ಹಿಡಿದೇ ಹರಟೆ, ಅವಳ ಅತ್ತೆ, ನನ್ನ ಅತ್ತೆ, ಒಂದಕ್ಷರವೂ ಏನಂದೆ ಅಂತ ಅವಳು ತಿರುಗಿ ಕೇಳಿದ್ದಿಲ್ಲ, ಗೊತ್ತಿತ್ತು ಅವಳಿಗೆ, ಪ್ರಪಂಚದಲ್ಲಿ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ಅವಳಿಗೊಬ್ಬಳಿಗೆ ಚೆನ್ನಾಗಿ ಗೊತ್ತಿತ್ತು, ಮಗಳು ಕಣ್ಣೊರೆಸಿಕೊಂಡು ಡಬ್ಬಿಯ ಕಡೆ ಕೈಚಾಚಿದಳು, ಇನ್ನೂ ಪಿನ್ ಬೇಕಾ ಚಿಕ್ಕಮ್ಮ, ಬೇಡಮ್ಮ, ಇನ್ನೂ ನಾಲ್ಕಿದೆ, ಅಂದೆ, ಸ್ಪಷ್ಟವಾಗಿ, ಒಂದಕ್ಷರವೂ ತೊದಲದೆ, ಮಗಳ ಕೈ ಅರ್ಧದಲ್ಲೇ ನಿಂತಿತು, ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಾಳೆ, ನಾಲ್ಕು ಗುಂಡುಸೂಜಿ, ತುಟಿಯ ನಡುವೆ, ನಾಲ್ಕು ಗುಂಡುಸೂಜಿ